ಶಿಂಷಾ ದಡದಲ್ಲೊಂದು ಕ್ರೀಡಾಪುರ

ಪೊಚಿಂಕಿ ಎಲ್ಲಿದೆ ಅಂತ ಯಾವ ಪಬ್‌ಜಿ ಆಟಗಾರನನ್ನಾದರೂ ಕೇಳಿ ನೋಡಿ. ನಿದ್ದೆಗಣ್ಣಲ್ಲೂ ಹೇಳ್ತಾನೆ. ಎರಂಗೆಲ್ ದ್ವೀಪದ ಹೆಚ್ಚುಕಡಿಮೆ ನಡುಭಾಗ, ಮೇಲಕ್ಕೆ ಹೋದರೆ ಸ್ಕೂಲು, ಕೆಳಗೆ ಸೇತುವೆ ದಾಟಿದರೆ ಮಿಲಿಟರಿ ಬೇಸ್. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಭೂಮಿ ಮೇಲೆ ಎಲ್ಲೂ ಇಲ್ಲದ ಆ ದ್ವೀಪದ ಸಂದಿಗೊಂದಿಯೆಲ್ಲ ನಮ್ಮ ತಲೆಮಾರಿಗೆ ಬಾಯಿಪಾಠ.

ಈಗ ಇನ್ನೊಂದು ಪ್ರಶ್ನೆ. ಶಿಂಷಾ ನದಿ ಎಲ್ಲಿ ಹುಟ್ಟುತ್ತೆ?

ತುಮಕೂರು ಸೀಮೆಯಲ್ಲಿ, ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ. ಅಲ್ಲಿಂದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಒಂದಿಷ್ಟು ಹೊತ್ತು ನಿಂತು, ಮುಂದೆ ಮಂಡ್ಯ ಸೀಮೆಗೆ ಇಳಿದು ಕಾವೇರಿ ಸೇರುತ್ತೆ. ಮೊಬೈಲ್ ಗೇಮ್ ಆಡ್ತಿದ್ದ ನಾಲ್ಕು ಜನ ಗೆಳೆಯರು ಈ ನದಿಯನ್ನು ಹಿಡಿದು ಒಂದು ಕಾಲ್ಪನಿಕ ಲೋಕ ಕಟ್ಟಿದ ಕಥೆ ಇದು. ಜೊತೆಗೆ, ಶನಿವಾರ ಹೊರಟು ಭಾನುವಾರ ಮುಗಿಸಬಹುದಾದ ಒಂದು ಪ್ರವಾಸದ ದಾರಿಯೂ ಹೌದು.

ನಾಲ್ವರ ಸ್ಕ್ವಾಡ್

ಆಟದಲ್ಲಿ ನಮಗೆ ಚಿತ್ರವಿಚಿತ್ರ ಹೆಸರುಗಳಿವೆ. ಇಲ್ಲಿ ಊರಿನ ಹೆಸರಲ್ಲೇ ಕರೀತೀನಿ. ಒಬ್ಬ ಗುಬ್ಬಿ. ಇನ್ನೊಬ್ಬ ಕುಣಿಗಲ್. ಮೂರನೆಯವಳು ಸಿರಾಗೇಟ್, ತುಮಕೂರಿನ ಆ ಬಡಾವಣೆಯ ಹುಡುಗಿ, ನಮ್ಮ ಸ್ನೈಪರ್. ನಾಲ್ಕನೆಯವನು ನಾನು. ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಈಗ ಇಬ್ಬರು ಬೆಂಗಳೂರು, ಒಬ್ಬಳು ಪುಣೆ. ಗುಬ್ಬಿ ಮಾತ್ರ ಊರಿಗೆ ವಾಪಸ್ ಹೋಗಿ ಅಪ್ಪನ ತೆಂಗು-ಅಡಿಕೆ ತೋಟ ನೋಡ್ಕೊಳ್ತಿದ್ದಾನೆ.

ನಾವು ಭೇಟಿ ಆಗ್ತಿದ್ದದ್ದು ರಾತ್ರಿ ಹತ್ತರ ಮೇಲೆ, ಹೆಡ್‌ಫೋನಿನಲ್ಲಿ. ಅದೊಂದು ಅರಳಿಕಟ್ಟೆ ಇದ್ದ ಹಾಗೆ. ಗುಂಡು ಹೊಡೆಯೋದು ನೆಪ, ಮಾತಾಡೋದೇ ಮುಖ್ಯ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಆ ಕಟ್ಟೆಯೇ ಹೋಯ್ತು. ಮಾರನೇ ವರ್ಷ ಬಿಜಿಎಂಐ ಅನ್ನೋ ಹೆಸರಲ್ಲಿ ಬಂತು. 2022ರ ಜುಲೈನಲ್ಲಿ ಮತ್ತೆ ಮಾಯ. 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಆಗಲೇ ಸಿರಾಗೇಟ್ ಹೇಳಿದ್ದು: "ನಾವು ಬಾಡಿಗೆ ಮನೇಲಿದ್ದೀವಿ ಕಣ್ರೋ. ಓನರ್ ಯಾವಾಗ ಬೇಕಾದ್ರೂ ಬೀಗ ಹಾಕ್ತಾನೆ."

ಆದರೆ ನಮ್ಮ ಕಟ್ಟೆ ಬಿರುಕು ಬಿಟ್ಟಿದ್ದು ನಿಷೇಧದಿಂದ ಅಲ್ಲ, ನೀರಿನಿಂದ.

ಹಾಸನ ಜಿಲ್ಲೆಯ ಗೊರೂರಿನಿಂದ ಬರೋ ಹೇಮಾವತಿ ನಾಲೆಯ ನೀರೇ ತುಮಕೂರು ಜಿಲ್ಲೆಯ ಬಹುಪಾಲು ಕೆರೆಗಳಿಗೆ ಆಸರೆ. ತುದಿಯಲ್ಲಿರೋ ನಮಗೆ ಪಾಲಿನ ನೀರು ಸರಿಯಾಗಿ ತಲುಪಲ್ಲ ಅನ್ನೋದು ಕುಣಿಗಲ್ ಕಡೆಯವರ ಹಳೇ ನೋವು. ಹಾಗಾಗಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಮಾಡಿ ನೇರವಾಗಿ ನೀರು ಒಯ್ಯುವ ಯೋಜನೆ ಬಂತು. ನೇರ ಒಯ್ದರೆ ನಮ್ಮ ಕೆರೆ, ನಮ್ಮ ತೋಟದ ಗತಿ ಏನು ಅಂತ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ಎರಡೂ ಕಡೆ ಇರೋದು ರೈತರೇ. ನಮ್ಮ ಸ್ಕ್ವಾಡಿನಲ್ಲೂ ಎರಡೂ ಕಡೆಯ ರೈತರ ಮಕ್ಕಳೇ.

ಒಂದು ರಾತ್ರಿ ಆಟದ ನಡುವೆ ಕುಣಿಗಲ್ ಗುಂಡು ತಿಂದು ಬಿದ್ದ. ಹತ್ತಿರ ಹೋಗಿ ಎಬ್ಬಿಸಿದರೆ ಬದುಕ್ತಾನೆ. ಗುಬ್ಬಿ ಹತ್ತು ಹೆಜ್ಜೆ ದೂರದಲ್ಲಿದ್ದ. ಹೋಗಲಿಲ್ಲ. ಯಾರೂ ಏನೂ ಮಾತಾಡಲಿಲ್ಲ. ಆಮೇಲೆ ಒಂದು ತಿಂಗಳು ಇಬ್ಬರೂ ಆನ್‌ಲೈನ್ ಬರಲಿಲ್ಲ.

ಆಗ ಸಿರಾಗೇಟ್ ಪುಣೆಯಿಂದ ಒಂದು ಚಿತ್ರ ಕಳಿಸಿದಳು. ಕೈಯಲ್ಲಿ ಬರೆದ ನಕ್ಷೆ. ನೋಡೋಕೆ ಥೇಟ್ ಎರಂಗೆಲ್ ಥರ. ಆದರೆ ನಡುವೆ ಹರಿಯೋದು ಶಿಂಷಾ. ಕೆಳಗೆ ಒಂದೇ ಸಾಲು: "ಇದು ನಮ್ಮದೇ ಮ್ಯಾಪ್. ಯಾರೂ ಬ್ಯಾನ್ ಮಾಡೋಕಾಗಲ್ಲ. ಹೆಸರುಗಳನ್ನ ನೋಡ್ಕೊಂಡು ಬರೋಣ, ಎಲ್ಲರೂ ಬನ್ನಿ." 'ಎಲ್ಲರೂ' ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಬೆಟ್ಟ ಒಂದು, ದಾರಿ ಎರಡು

ಬೆಂಗಳೂರಿನಿಂದ ತುಮಕೂರು ಬರೀ 70 ಕಿ.ಮೀ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗೋದು ನಮ್ಮ ಕಡೆ ಶಾಸ್ತ್ರಕ್ಕೆ ವಿರುದ್ಧ. ಹಾಗಾಗಿ ಅದನ್ನು ಮುಗಿಸಿ, ನಗರದಿಂದ ಸುಮಾರು 15 ಕಿ.ಮೀ. ದೂರದ ದೇವರಾಯನದುರ್ಗಕ್ಕೆ ಹತ್ತಿದೆವು. ಕಾರಿನಲ್ಲಿ ಗುಬ್ಬಿ ಮುಂದಿನ ಸೀಟು, ಕುಣಿಗಲ್ ಹಿಂದಿನ ಸೀಟು. ಮಾತು ಮಾತ್ರ ನನ್ನ ಜೊತೆ, ಸಿರಾಗೇಟ್ ಜೊತೆ.

ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟದಲ್ಲಿ ಯೋಗನರಸಿಂಹ, ಭೋಗನರಸಿಂಹ ದೇವಸ್ಥಾನಗಳಿವೆ. ಕೆಳಗಿನ ಕಾಡಿನಲ್ಲಿ ನಾಮದ ಚಿಲುಮೆ. ನಾಮ ಇಟ್ಟುಕೊಳ್ಳೋಕೆ ನೀರಿಲ್ಲದಾಗ ರಾಮ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಸ್ಥಳಪುರಾಣ. ಅದಕ್ಕಿಂತ ನನಗೆ ದೊಡ್ಡ ಬೆರಗು ಅನ್ನಿಸಿದ್ದು ಇಲ್ಲಿನ ಭೂಗೋಳ. ಇದೇ ಬೆಟ್ಟಸಾಲಿನಲ್ಲಿ ಹುಟ್ಟೋ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರಿದರೆ, ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತೆ. ಒಂದೇ ಮಳೆ. ಹನಿ ಬೆಟ್ಟದ ಯಾವ ಬದಿಗೆ ಬಿತ್ತು ಅನ್ನೋದರ ಮೇಲೆ ಅದು ಆಂಧ್ರಕ್ಕೋ ತಮಿಳುನಾಡಿಗೋ ಅನ್ನೋದು ತೀರ್ಮಾನ.

ಸಿರಾಗೇಟ್ ಅಲ್ಲೇ ಬಂಡೆ ಮೇಲೆ ಕೂತು ನಮ್ಮ ಲೋಕದ ಮೊದಲ ನಿಯಮ ಬರೆದಳು. ಗೇಮಿನಲ್ಲಿ ಆಟಗಾರರನ್ನು ಓಡಿಸೋದು ಕಿರಿದಾಗ್ತಾ ಬರೋ ವೃತ್ತ. ಹೊರಗೆ ಉಳಿದವನಿಗೆ ಉಳಿಗಾಲವಿಲ್ಲ. ನಮ್ಮ ಲೋಕದಲ್ಲಿ ಆ ವೃತ್ತ ಅಂದರೆ ನೀರು. ಕೆರೆ ಬತ್ತಿದಂತೆ ವೃತ್ತ ಕಿರಿದು. ಕೆರೆ ಕೋಡಿ ಬಿದ್ದರೆ ವೃತ್ತ ದೊಡ್ಡದು. ಬಯಲುಸೀಮೆಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆಟ ಅಂದರೆ ಎರಡೂ

ತುಮಕೂರಿನಿಂದ ಗುಬ್ಬಿ 20 ಕಿ.ಮೀ. ಈಗ ಈ ತಾಲ್ಲೂಕಿಗೆ ಹೊಸ ಗುರುತೂ ಬಂದಿದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇಲ್ಲೇ ಇರೋದು. ನಮ್ಮ ನಕ್ಷೆಯಲ್ಲಿ ಅದಕ್ಕೆ 'ಕಬ್ಬಿಣದ ಗುಬ್ಬಿಗಳ ಗೂಡು' ಅಂತ ಹೆಸರು.

ಆದರೆ ಗುಬ್ಬಿ ಅಂದರೆ ನಾಡಿಗೆಲ್ಲ ನೆನಪಾಗೋದು ವೀರಣ್ಣನವರು. ಕಾಲ್ಪನಿಕ ಲೋಕ ಹೇಗೆ ಹುಟ್ಟುತ್ತೆ ಅಂತ ತಿಳಿಯೋಕೆ ಹಾಲಿವುಡ್‌ಗೆ ಹೋಗಬೇಕಿಲ್ಲ, ಈ ಪುಟ್ಟ ಊರಿಗೆ ಬಂದರೆ ಸಾಕು. 1884ರಲ್ಲಿ ಊರಿನ ಆಸಕ್ತರು ಸೇರಿ ಕಟ್ಟಿದ ನಾಟಕ ತಂಡವೇ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ. ಗುಬ್ಬಿ ವೀರಣ್ಣ (1891–1972) ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿದರು. 1917ರಲ್ಲಿ ಅದರ ಮಾಲೀಕರಾದರು. 1934ರ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಅದೇ ವರ್ಷ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಸಂಭಾಷಣೆ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಈ ಕಂಪನಿಗೂ ನಾಟಕ ಬರೆದುಕೊಟ್ಟವರು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಈ ಕಂಪನಿಯ ನೆರಳಲ್ಲಿ ಬೆಳೆದವರೇ. ಊರವರು ಜೊತೆಗೂಡಿ ಆಡೋಕೆ ಶುರುಮಾಡಿದ ಒಂದು ಆಟದಿಂದ ಇಷ್ಟೆಲ್ಲ.

ಹೌದು, ಆಟ. ಕನ್ನಡದಲ್ಲಿ ಇದೊಂದು ಚೆಂದ. ಬಯಲಾಟ, ದೊಡ್ಡಾಟ, ಬೊಂಬೆಯಾಟ ಅಂತೀವಿ. ಗೋಲಿ ಆಟ, ಮೊಬೈಲ್ ಆಟ ಅಂತಲೂ ಅಂತೀವಿ. ವೇಷ ಹಾಕಿ ಕುಣಿಯೋದಕ್ಕೂ, ಗೆಲ್ಲೋಕೆ ಸೆಣಸೋದಕ್ಕೂ ನಮ್ಮ ಹಿರಿಯರು ಒಂದೇ ಪದ ಇಟ್ಟಿದ್ದಾರೆ.

ಇದನ್ನು ನಮಗೆ ಬಿಡಿಸಿ ಹೇಳಿದ್ದು ಗುಬ್ಬಿಯ ಅಪ್ಪ. ಅವರ ತೋಟದ ಮನೆಯಲ್ಲಿ ಮಧ್ಯಾಹ್ನದ ಊಟ: ಮುದ್ದೆ, ಹುರುಳಿಕಾಳು ಬಸ್ಸಾರು. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಊರವರೇ ಸೇರಿ ಪೌರಾಣಿಕ ನಾಟಕ ಆಡ್ತಾರೆ. ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತೆ. ಪಾತ್ರಕ್ಕೆ ಇಂತಿಷ್ಟು ಅಂತ ನಟರೇ ದುಡ್ಡು ಕಟ್ಟಬೇಕು. ಈ ಅಪ್ಪ 'ಕುರುಕ್ಷೇತ್ರ'ದಲ್ಲಿ ದುರ್ಯೋಧನ.

"ಆ ಪಾರ್ಟಿಗೇ ರೇಟು ಜಾಸ್ತಿ ಕಣಪ್ಪ," ಅಂದ್ರು. ಒಳಗಿನಿಂದ ಅಮ್ಮ, "ಅಪ್ಪ ಕಿರೀಟಕ್ಕೆ ದುಡ್ಡು ಸುರೀತಾರೆ, ಮಗ ಮೊಬೈಲಲ್ಲಿ ಬಂದೂಕಿಗೆ ಬಣ್ಣ ಹೊಡಿಸೋಕೆ ಸುರೀತಾನೆ. ಬೀಜದ ಗುಣ ಎಲ್ಲಿ ಹೋಗುತ್ತೆ," ಅಂದ್ರು. ಎಲ್ಲರೂ ನಕ್ಕೆವು. ಗುಬ್ಬಿ, ಕುಣಿಗಲ್ ಇಬ್ಬರೂ ಒಟ್ಟಿಗೆ ನಕ್ಕಿದ್ದು ಆ ತಿಂಗಳಲ್ಲಿ ಅದೇ ಮೊದಲು.

"ಯಾವಾಗ್ಲೂ ದುರ್ಯೋಧನನೇ ಯಾಕೆ ಅಂಕಲ್? ಒಳ್ಳೆಯವನ ಪಾರ್ಟು ಬೇಡ್ವಾ?" ಅಂತ ಸಿರಾಗೇಟ್ ಕೇಳಿದಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮೊದಲ ಸಲ ಆ ಪಾರ್ಟು ಮಾಡೋವಾಗ ನಂಗೂ ಅವನ ಮೇಲೆ ಸಿಟ್ಟಿತ್ತವ್ವ. ಮೂರು ತಿಂಗಳು ಅವನ ಮಾತನ್ನೇ ಬಾಯಿಪಾಠ ಮಾಡ್ತೀವಲ್ಲ, ಆಮೇಲೆ ಸಿಟ್ಟು ನಿಲ್ಲಲ್ಲ. ಅವನು ಮಾಡಿದ್ದು ಸರಿ ಅಂತಲ್ಲ. ಅವನಿಗೂ ಒಂದು ಮಾತಿತ್ತು ಅಂತ ಗೊತ್ತಾಗುತ್ತೆ."

ಎರಡನೇ ನಿಯಮ ಸಿಕ್ಕಿದ್ದು ಅಲ್ಲಿ. ನಮ್ಮ ಲೋಕದಲ್ಲಿ ಯಾರೂ ಅವರವರ ಊರಿನ ಪಾತ್ರ ಆಡುವಂತಿಲ್ಲ.

ಸಂಜೆ ಕಡಬದ ಕೆರೆ ಏರಿ ಮೇಲೆ ನಡೆದೆವು. ಲಂಕೆಯಿಂದ ವಾಪಸ್ ಬರೋವಾಗ ಸೀತೆ ಕೇಳಿದಳು ಅಂತ ರಾಮ ಕಟ್ಟಿಸಿದ ಕೆರೆ ಇದು ಅನ್ನೋದು ಇಲ್ಲಿನ ಐತಿಹ್ಯ. ಕುಣಿಗಲ್ ಏರಿಯ ತುದಿಯಲ್ಲಿ ನಿಂತು ಮೊದಲ ಸಲ ನೇರವಾಗಿ ಗುಬ್ಬಿಯನ್ನೇ ಕೇಳಿದ: "ಇದು ತುಂಬಿದ್ರೆ ನಿಮ್ಮ ತೋಟಕ್ಕೆ ಎಷ್ಟು ತಿಂಗಳು ಬರುತ್ತೋ?" ಗುಬ್ಬಿ ಲೆಕ್ಕ ಹೇಳಿದ. ತಿರುಗಿ ಕುಣಿಗಲ್ ಮನೆಯ ಬೋರ್‌ವೆಲ್ ಎಷ್ಟು ಅಡಿಗೆ ಇಳಿದಿದೆ ಅಂತ ಕೇಳಿದ. ನಾವಿಬ್ಬರು ಸ್ವಲ್ಪ ಹಿಂದೆ ಉಳಿದೆವು.

ಮರಗೊಂಬೆಯಿಂದ ಮಂಗಳ ಗ್ರಹದವರೆಗೆ

ಹೀಗೆ ಗೆಳೆಯರ ಆಟ ಕಥೆಯಾದ ಉದಾಹರಣೆಗಳು ಹೊರಗೂ ಬೇಕಾದಷ್ಟಿವೆ. 1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರು ಮಗನಿಗೆ ಮರದ ಸೈನಿಕ ಗೊಂಬೆಗಳನ್ನು ತಂದುಕೊಟ್ಟರು. ಅವನೂ ಅವನ ಸೋದರಿಯರೂ ಆ ಗೊಂಬೆಗಳಿಗೆ ಹೆಸರಿಟ್ಟು, ರಾಜ್ಯ ಕೊಟ್ಟು, ವರ್ಷಗಟ್ಟಲೆ ಪುಟ್ಟ ಪುಟ್ಟ ಪುಸ್ತಕಗಳಲ್ಲಿ ಕಥೆ ಬರೆದರು. ಆ ಹುಡುಗಿಯರೇ ಮುಂದೆ 'ಜೇನ್ ಐರ್', 'ವದರಿಂಗ್ ಹೈಟ್ಸ್' ಬರೆದ ಬ್ರಾಂಟೆ ಸೋದರಿಯರು.

ನಮ್ಮ ಕಾಲದ ಉದಾಹರಣೆ 'ದಿ ಎಕ್ಸ್‌ಪಾನ್ಸ್'. ಮಂಗಳ ಗ್ರಹಕ್ಕೂ ಭೂಮಿಗೂ ಜಗಳ ಹಚ್ಚೋ ಆ ಲೋಕವನ್ನು ಟೈ ಫ್ರಾಂಕ್ ಮೊದಲು ಯೋಚಿಸಿದ್ದು ಒಂದು ಆನ್‌ಲೈನ್ ಗೇಮಿಗಾಗಿ. ಗೇಮ್ ಆಗಲಿಲ್ಲ. ಅದೇ ಲೋಕದಲ್ಲಿ ಆನ್‌ಲೈನ್‌ನಲ್ಲಿ, ಬರಹದ ಮೂಲಕ ಗೆಳೆಯರನ್ನು ಆಡಿಸಿದರು. ಆಮೇಲೆ ಡೇನಿಯಲ್ ಅಬ್ರಹಾಂ ಜೊತೆಗೂಡಿ ಕಾದಂಬರಿ ಮಾಡಿದರು. ಮೊದಲ ಪುಸ್ತಕ 2011ರಲ್ಲಿ ಬಂತು. 2015ರಿಂದ ಟಿವಿ ಸರಣಿಯೂ ಆಯಿತು. ಇನ್ನು ಎರಂಗೆಲ್? ಪಬ್‌ಜಿ ಸೃಷ್ಟಿಸಿದ ಬ್ರೆಂಡನ್ ಗ್ರೀನ್ ತನ್ನ ಮಗಳು ಎರಿನ್ ಹೆಸರನ್ನು ಸೇರಿಸಿ ಇಟ್ಟ ಹೆಸರದು. ಕೋಟ್ಯಂತರ ಜನ ಗುಂಡು ಹಾರಿಸೋ ಆ ದ್ವೀಪ, ಒಬ್ಬ ಅಪ್ಪನಿಗೆ ಮಗಳ ನೆನಪು.

ಇವರೆಲ್ಲ ಲೋಕ ಕಟ್ಟಿದ್ದು ತಮಗೆ ಹತ್ತಿರವಾದದ್ದನ್ನು ಹಿಡಿದು. ನಮಗೆ ಹತ್ತಿರವಾದದ್ದು ಯಾವುದು ಅನ್ನೋದಕ್ಕೆ ಉತ್ತರ ಮಾರನೇ ದಿನ ಬೆಳಿಗ್ಗೆ ಸಿಕ್ಕಿತು.

ಕೈ ಬಂದ ಊರು

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಮೊದಲು ಗೂಳೂರು. ಇಲ್ಲಿನ ದೊಡ್ಡ ಮಣ್ಣಿನ ಗಣಪನಿಗೆ ಚೌತಿಯಂದು ಕೆಲಸ ಶುರು, ದೀಪಾವಳಿಗೆ ಪೂಜೆ ಶುರು. ಅಲ್ಲೇ ಹತ್ತಿರದಲ್ಲಿ ಕೈದಾಳ. ಊರು ಚಿಕ್ಕದು. ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, 12ನೇ ಶತಮಾನದ ನಡುವೆ, ಬಾಚಿ ಎಂಬ ಸಾಮಂತ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ ಇಲ್ಲಿದೆ.

ಕಥೆ ಗೊತ್ತಲ್ಲ? ಬೇಲೂರಿನ ವಿಗ್ರಹದಲ್ಲಿ ದೋಷವಿದೆ ಅಂದ ಹುಡುಗ ಡಂಕಣ. ತೋರಿಸಿದರೆ ಕೈ ಕತ್ತರಿಸಿಕೊಳ್ತೀನಿ ಅಂದ ಜಕಣಾಚಾರಿ. ಕಲ್ಲಿನೊಳಗಿಂದ ಕಪ್ಪೆ ಬಂತು, ಕೈ ಹೋಯ್ತು. ಆ ಹುಡುಗ ತನ್ನ ಮಗನೇ ಅಂತ ಆಮೇಲೆ ಗೊತ್ತಾಯ್ತು. ಈ ಊರಿಗೆ ಬಂದು ಕೇಶವನ ಗುಡಿ ಕಟ್ಟಿದ ಮೇಲೆ ಹೋದ ಕೈ ಮತ್ತೆ ಬಂತಂತೆ. ಅದಕ್ಕೇ ಕೈದಾಳ. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಮೊದಲಾದವರ ಹೆಸರು ಕೆತ್ತಿದೆ. ಜಕಣಾಚಾರಿ ಬದುಕಿರೋದು ಜನರ ಬಾಯಲ್ಲಿ. ಹಾಗಿದ್ದೂ ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡೋ ಪ್ರಶಸ್ತಿಗೆ ಅವನದೇ ಹೆಸರು. ಜನ ಸೇರಿ ಕಟ್ಟಿದ ಕಥೆಗೆ ಅಷ್ಟು ಆಯುಸ್ಸು.

ಕೈದಾಳಕ್ಕೆ ಮೊದಲಿದ್ದ ಹೆಸರು ಕೇಳಿ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಕ್ರೀಡಾಪುರ. ಆಟದ ಊರು!

ನಮ್ಮ ಲೋಕಕ್ಕೆ ಬೇರೆ ಹೆಸರು ಹುಡುಕಲಿಲ್ಲ.

ತಾನೇ ತೆರೆದುಕೊಳ್ಳೋ ನೀರು

ಕುಣಿಗಲ್ ಅಂದರೆ ಜನಪದ ಗೀತೆಯಲ್ಲಿ ಹಾಡಿಸಿಕೊಂಡ ಕೆರೆ ಮತ್ತು ಕುದುರೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕೆಂದು ಕುದುರೆ ಸಾಕಿಸಿದ ಫಾರಂ ಇವತ್ತಿಗೂ ಪಟ್ಟಣದ ಮಗ್ಗುಲಲ್ಲೇ ಇದೆ. ಒಳಗೆ ಹೋಗಲಿಲ್ಲ. ರಸ್ತೆಬದಿಯಿಂದಲೇ ಆ ಹಸಿರು ಬಯಲು ನೋಡಿ, ನಕ್ಷೆಯಲ್ಲಿ 'ಕುದುರೆ ಲಾಯ' ಅಂತ ಗುರುತು ಹಾಕಿದೆವು.

ಕೊನೆಯ ನಿಲ್ದಾಣ ಯಡಿಯೂರಿನ ಹತ್ತಿರದ ಮಾರ್ಕೋನಹಳ್ಳಿ ಜಲಾಶಯ. ಹಿಂದಿನ ದಿನ ಬೆಟ್ಟದ ತುದಿಯಲ್ಲಿ ನೆನೆದ ಶಿಂಷೆಗೇ ಕಟ್ಟಿದ ಅಣೆಕಟ್ಟು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದ ಈ ಅಣೆಕಟ್ಟಿನ ವಿಶೇಷ ಅಂದರೆ ಸೈಫನ್. ನೀರು ನಿಗದಿತ ಮಟ್ಟ ದಾಟಿದ ಕೂಡಲೇ ಯಾರೂ ಗೇಟ್ ಎತ್ತದೆ, ಹೆಚ್ಚಾದದ್ದು ತಾನಾಗಿಯೇ ಹೊರಗೆ ನುಗ್ಗುತ್ತೆ.

"ಯಾರ ಅಪ್ಪಣೆಯೂ ಬೇಡ. ತುಂಬಿದ್ರೆ ಕೊಡ್ತದೆ," ಅಂದ ಕುಣಿಗಲ್. "ತುಂಬಿದ್ರೆ ತಾನೇ," ಅಂದ ಗುಬ್ಬಿ. ಮತ್ತೆ ಜಗಳ ಶುರುವಾಯ್ತು. ಆದರೆ ಈ ಸಲ ಇಬ್ಬರೂ ಕೂಗಾಡಿದ್ದು ಒಬ್ಬರ ಮುಖ ಒಬ್ಬರು ನೋಡ್ಕೊಂಡು. ಅರ್ಧ ಗಂಟೆ ಆದ ಮೇಲೆ ಸಿರಾಗೇಟ್ ಮೂರನೇ ನಿಯಮ ಓದಿದಳು: "ಕ್ರೀಡಾಪುರದಲ್ಲಿ ಬಿದ್ದವರನ್ನು ಎಬ್ಬಿಸದೆ ಕಥೆ ಮುಂದಕ್ಕೆ ಹೋಗಲ್ಲ." ಓದುವಾಗ ಯಾರನ್ನೂ ನೋಡಲಿಲ್ಲ. ಗುಬ್ಬಿ ಬಗ್ಗಿ ಚಪ್ಪಲಿಯ ಮಣ್ಣು ಕೊಡವುತ್ತಾ, "ಅವತ್ತು ನಾನು ಬರಬೇಕಿತ್ತು ಮಗಾ," ಅಂದ. "ಬಿಡೋ," ಅಂದ ಕುಣಿಗಲ್.

ನೀವೂ ಆಡಬಹುದು

ನಮ್ಮ ವಿಧಾನ ತುಂಬಾ ಸರಳ. ದುಡ್ಡು ಕಟ್ಟಿ ಆಡೋ ಜೂಜಿನ ಆ್ಯಪ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಬೇಕಾಗಿರೋದು ಒಂದು ನಕ್ಷೆ, ಮೂರು ನಿಯಮ, ನಾಲ್ಕು ಜನ. ಶನಿವಾರ ರಾತ್ರಿ ಕಾಲ್‌ನಲ್ಲಿ ಸೇರ್ತೀವಿ. ಒಬ್ಬರು ಸನ್ನಿವೇಶ ಹೇಳ್ತಾರೆ, ಉಳಿದವರು ಅವರವರ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ತೀರ್ಮಾನ ಆಗದಿದ್ದರೆ ಚೌಕಾಬಾರದ ಕವಡೆ ಹಾಕ್ತೀವಿ. ಕವಡೆ ಇರೋದು ಗುಬ್ಬಿಯ ಅಜ್ಜಿಯ ಡಬ್ಬಿಯಲ್ಲಿ. ಹಾಗಾಗಿ ಹಾಕೋ ಕೆಲಸ ಅವನದು, ಕ್ಯಾಮೆರಾ ಮುಂದೆ. ಆಡಿದ್ದನ್ನು ಸರದಿ ಪ್ರಕಾರ ಒಬ್ಬರು ಒಂದು ಪುಟ ಬರೆದಿಡ್ತೀವಿ. ಒಬ್ಬನೇ ಕೂತು ಕಾದಂಬರಿ ಬರೀತೀನಿ ಅಂದರೆ ಹತ್ತನೇ ಪುಟಕ್ಕೆ ಸುಸ್ತಾಗುತ್ತೆ. ಮುಂದೇನಾಯ್ತು ಅಂತ ಕೇಳೋಕೆ ಮೂರು ಜನ ಇದ್ದಾಗ ಶನಿವಾರ ತಪ್ಪಲ್ಲ.

ಎರಡನೇ ನಿಯಮದ ಪ್ರಕಾರ, ಕಾಲುವೆಯ ತುದಿಯ ಕೆರೆಗೆ ನೀರಗಂಟಿ ಆಗಿರೋದು ಗುಬ್ಬಿ. ಮೇಲಿನ ಊರಿನ ತೋಟದ ಗೌಡ ಆಗಿರೋದು ಕುಣಿಗಲ್. ಮೊದಲ ಎರಡು ವಾರ ಇಬ್ಬರೂ ಒಬ್ಬರನ್ನೊಬ್ಬರು ಅಣಕಿಸೋ ಥರ ಆಡಿದರು. ಮೂರನೇ ವಾರ ನೀರಗಂಟಿ ಬತ್ತಿದ ತೂಬಿನ ಮುಂದೆ ನಿಂತು, ಊರಿಗೆ ಏನು ಹೇಳೋದು ಅಂತ ಮಾತು ಹುಡುಕ್ತಾ ನಿಜಕ್ಕೂ ತಡವರಿಸಿದ. ಗೌಡ ಒಣಗಿದ ತೆಂಗಿನ ಗರಿ ಲೆಕ್ಕ ಹಾಕ್ತಾ ಮೌನವಾದ. ನಾವಿಬ್ಬರು ಮ್ಯೂಟ್ ಮಾಡ್ಕೊಂಡು ಕೇಳಿಸಿಕೊಂಡೆವು.

ಹೊರಗಿನ ಕಾಲುವೆ ವಿಚಾರದಲ್ಲಿ ಇಬ್ಬರ ನಿಲುವೂ ಬದಲಾಗಿಲ್ಲ. ಗುಬ್ಬಿ ಊರಿನ ಸಭೆಗೆ ಹೋಗ್ತಾನೆ. ಕುಣಿಗಲ್ ಅವನ ಊರಿನ ಪರ ವಾದಿಸ್ತಾನೆ. ಆದರೆ ಸಭೆ ಮುಗಿಸಿ ಬಂದ ಗುಬ್ಬಿ ಮೊದಲು ಫೋನ್ ಮಾಡೋದು ಕುಣಿಗಲ್‌ಗೆ. "ನಿಮ್ಮ ಕಡೆಯವರು ಏನಂತಾರೆ ಹೇಳೋ, ನನ್ನ ನೀರಗಂಟಿಗೆ ಬೇಕು."

ಕ್ರೀಡಾಪುರದಲ್ಲಿ ಈಗ ಆಷಾಢ. ಮೋಡ ಇದೆ, ಮಳೆ ಇನ್ನೂ ಬಂದಿಲ್ಲ. ಹನ್ನೊಂದನೇ ಅಧ್ಯಾಯ ಬರೆಯೋ ಸರದಿ ಈ ವಾರ ನನ್ನದು.